ಶೇರ್‌ಗಿಲ್ ನಕಲಿನಲ್ಲಿ ಮುಖ ಬೂದಿ ಬಣ್ಣಕ್ಕೆ ತಿರುಗುವುದೇಕೆ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಆರೇಳು ವರ್ಷದಿಂದ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೇನೆ, ತೈಲವರ್ಣ ಹೊಸದು. ಕಲಿಯುವ ಆಸೆಯಿಂದ ಜುಲೈಯಲ್ಲಿ ಅಮೃತಾ ಶೇರ್‌ಗಿಲ್ ಅವರ ‘ಮೂವರು ಹುಡುಗಿಯರು’ ಚಿತ್ರವನ್ನು ಮೊಬೈಲಿನಲ್ಲಿ ನೋಡಿಕೊಂಡು ಕ್ಯಾನ್ವಾಸ್ ಬೋರ್ಡಿನ ಮೇಲೆ ಬರೆಯಲು ಶುರುಮಾಡಿದೆ. ಮುಖಗಳು ಸಿಮೆಂಟ್ ಬಳಿದಂತೆ ಬೂದುಬೂದಾಗಿವೆ. ಗಾಣದ ಅಗಸೆ ಎಣ್ಣೆ ಬೆರೆಸಿದ್ದೆ, ಮೂರು ವಾರವಾದರೂ ಬಣ್ಣ ಕೈಗೆ ಅಂಟುತ್ತಿದೆ. ಕಣ್ಣು ಮೂಗುಗಳನ್ನು ಅಳತೆ ಹಿಡಿದೇ ಬರೆದರೂ ಮೂವರೂ ಬೇರೆ ಯಾರೋ ಆಗಿಬಿಟ್ಟಿದ್ದಾರೆ. ಎಲ್ಲಿ ತಪ್ಪಿದೆ? ಇನ್ನೊಬ್ಬರ ಚಿತ್ರ ನಕಲು ಮಾಡುವುದೇ ತಪ್ಪೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ, ಏಕೆಂದರೆ ಅದು ಚಿಕ್ಕದು. ತಪ್ಪಲ್ಲ. ಶೇರ್‌ಗಿಲ್ ತೀರಿಕೊಂಡದ್ದು 1941ರ ಡಿಸೆಂಬರಿನಲ್ಲಿ. ನಮ್ಮ ಕಾನೂನಿನ ಪ್ರಕಾರ ಕಲಾವಿದರ ಮರಣಾನಂತರ 60 ವರ್ಷಕ್ಕೆ ಕೃತಿಸ್ವಾಮ್ಯ ಮುಗಿಯುತ್ತದೆ, ಅಂದರೆ ಈ ಚಿತ್ರದ ಹಂಗು 2001ಕ್ಕೇ ತೀರಿತು. ಕ್ಯಾನ್ವಾಸಿನ ಹಿಂಬದಿಯಲ್ಲಿ ‘ಅಮೃತಾ ಶೇರ್‌ಗಿಲ್ ಅವರ 1935ರ ಚಿತ್ರ ನೋಡಿ ಅಭ್ಯಾಸಕ್ಕಾಗಿ ಬರೆದದ್ದು’ ಎಂದು ಬರೆದು ನಿಮ್ಮ ಹೆಸರು, ಇಸವಿ ಹಾಕಿ. ಮುಂಬದಿಯಲ್ಲಿ ಆಕೆಯ ಸಹಿಯನ್ನು ಮಾತ್ರ ನಕಲು ಮಾಡಬೇಡಿ. ಅಳತೆಯನ್ನೂ ಮೂಲದಷ್ಟೇ ಇಡಬೇಡಿ.

ಆಯ್ಕೆ ಒಳ್ಳೆಯದೇ. ಆದರೆ ಆ ಚಿತ್ರದಲ್ಲಿ ನಕಲು ಮಾಡಬೇಕಾದದ್ದು ಯಾವುದು ಎನ್ನುವಲ್ಲಿ ನೀವು ಹಾದಿ ತಪ್ಪಿದ್ದೀರಿ. ಶೇರ್‌ಗಿಲ್ ಪ್ಯಾರಿಸ್ಸಿನ ಕಲಾಶಾಲೆ ಎಕೋಲ್ ದೆ ಬೋಜಾರ್‌ನಲ್ಲಿ ಕಲಿತವರು. ಅಲ್ಲಿದ್ದಾಗ 1932ರಲ್ಲಿ ಬರೆದ ‘ಯಂಗ್ ಗರ್ಲ್ಸ್’ ಮತ್ತು ಭಾರತಕ್ಕೆ ಮರಳಿದ ಮೇಲೆ 1935ರಲ್ಲಿ ಬರೆದ ಈ ಚಿತ್ರ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೂರೇ ವರ್ಷದ ಅಂತರ. ಮೊದಲನೆಯದರಲ್ಲಿ ಮೈಯ ಉಬ್ಬುತಗ್ಗು, ಕೋಣೆ, ಬಟ್ಟೆಯ ಹೊಳಪು ಎಲ್ಲವನ್ನೂ ಬಿಡಿಸಿ ತೋರಿಸಿದ್ದಾರೆ. ಎರಡನೆಯದರಲ್ಲಿ ಮೂವರು ಒತ್ತಾಗಿ ಕೂತಿದ್ದಾರೆ, ಯಾರೂ ಯಾರನ್ನೂ ನೋಡುತ್ತಿಲ್ಲ, ಹಿಂದೆ ಖಾಲಿ ಬಯಲು. ಕಿಟಕಿಯಿಲ್ಲ, ಮರವಿಲ್ಲ, ಪಾತ್ರೆಪಗಡವಿಲ್ಲ. ಬಟ್ಟೆಯ ಒಂದೊಂದು ತುಂಡೂ ಒಂದೊಂದು ದೊಡ್ಡ ಬಣ್ಣದ ಹೊಲದ ಹಾಗೆ ಕೂತಿದೆ. ಮುಂಬಯಿಯ ಬಾಂಬೆ ಆರ್ಟ್ ಸೊಸೈಟಿ 1937ರಲ್ಲಿ ಚಿನ್ನದ ಪದಕ ಕೊಟ್ಟದ್ದು ಇದಕ್ಕೇ. ಈ ಚಿತ್ರದ ಬಲವಿರುವುದು ಆಕೆ ಬಿಟ್ಟದ್ದರಲ್ಲಿ. ನೀವು ರೆಪ್ಪೆಯ ಕೂದಲು, ಮೂಗಿನ ಹೊಳ್ಳೆ, ತುಟಿಯ ಗೆರೆ ಅಂತ ಆಕೆ ಬಿಟ್ಟದ್ದನ್ನೆಲ್ಲ ಮತ್ತೆ ಸೇರಿಸುತ್ತಿದ್ದೀರಿ. ಚಿತ್ರ ಕಟ್ಟಿದ ಕ್ರಮವನ್ನು ನಕಲು ಮಾಡಿ: ಮೊದಲು ನಾಲ್ಕೈದು ದೊಡ್ಡ ಆಕಾರ, ಆಮೇಲೆ ಅವುಗಳ ಕಪ್ಪು-ಬಿಳುಪಿನ ತೂಕ, ಆಮೇಲೆ ಬಣ್ಣ, ಕಟ್ಟಕಡೆಗೆ ಕಣ್ಣು ಮೂಗು. ನೀವು ಶುರುಮಾಡಿದ್ದು ಕಡೆಯದರಿಂದ.

ಈಗ ಬೂದು ಮುಖ. ಇದಕ್ಕೆ ಕಾರಣ ಜಲವರ್ಣದ ಕೈ. ಜಲವರ್ಣದಲ್ಲಿ ತಿಳಿ ಬೇಕೆಂದರೆ ನೀರು ಹೆಚ್ಚು ಮಾಡುತ್ತೀರಿ, ಕೆಳಗಿನ ಕಾಗದದ ಬಿಳುಪು ಬಣ್ಣದ ಮೂಲಕ ಹೊಳೆಯುತ್ತದೆ, ಬಣ್ಣದ ಬಿಸುಪು ಹಾಗೇ ಉಳಿಯುತ್ತದೆ. ತೈಲದಲ್ಲಿ ತಿಳಿ ಮಾಡಲು ಬಿಳಿ ಬೆರೆಸಬೇಕು. ಟೈಟಾನಿಯಂ ಬಿಳಿ ಭಾರಿ ಗಟ್ಟಿಗ: ಚಿಟಿಕೆ ಹಾಕಿದರೂ ಬಣ್ಣ ಬಿಳಿಚುವುದಷ್ಟೇ ಅಲ್ಲ, ನೀಲಿಯ ಕಡೆಗೆ ತಣ್ಣಗಾಗುತ್ತದೆ. ಕಂದು ಬಣ್ಣಕ್ಕೆ ಬರಿಯ ಬಿಳಿ ಬೆರೆಸಿದರೆ ಸಿಗುವುದು ಸುಣ್ಣ ಬೆರೆಸಿದ ಮಣ್ಣು. ಅದರ ಮೇಲೆ ನೆರಳಿಗೆ ಕಪ್ಪು ಹಾಕಿದಿರೋ, ಸಿಮೆಂಟ್ ತಯಾರು.

ಎರಡನೆಯ ಕಾರಣ ಮೊಬೈಲು. ಪರದೆ ತಾನೇ ಬೆಳಕು ಕೊಡುವ ವಸ್ತು, ಕ್ಯಾನ್ವಾಸು ಬಿದ್ದ ಬೆಳಕನ್ನು ಹಿಂದಿರುಗಿಸುವ ವಸ್ತು. ಮಳೆಗಾಲದ ಮಬ್ಬು ಜಗಲಿಯಲ್ಲಿ ಕೂತು ಪರದೆಯ ಹೊಳಪಿಗೆ ಸರಿಗಟ್ಟಲು ಹೋದಾಗ ಕೈ ತಾನಾಗಿಯೇ ಬಿಳಿಯ ಕಡೆಗೆ ಹೋಗುತ್ತದೆ. ಎಷ್ಟು ಬಿಳಿ ಹಾಕಿದರೂ ಸಾಲದು ಅನ್ನಿಸುತ್ತದೆ. ಶಿವಮೊಗ್ಗದ ಯಾವುದಾದರೂ ಡಿಜಿಟಲ್ ಪ್ರಿಂಟ್ ಅಂಗಡಿಯಲ್ಲಿ ಹೊಳಪಿಲ್ಲದ ಕಾಗದದ ಮೇಲೆ ಎ3 ಅಳತೆಯ ಎರಡು ಪ್ರತಿ ತೆಗೆಸಿ. ಒಂದು ಬಣ್ಣದ್ದು, ಒಂದು ಕಪ್ಪು-ಬಿಳುಪು. ಮೂಲ ಚಿತ್ರ ಇರುವುದು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ, ಆದ್ದರಿಂದ ಸಂಗ್ರಹಾಲಯವೇ ಕೊಡುವ ಪಟವನ್ನು ಹುಡುಕಿ. ಯಾರೋ ಹಂಚಿದ ಪಟಗಳಲ್ಲಿ ಅಂಚು ಕತ್ತರಿಸಿರುತ್ತದೆ, ಬಣ್ಣಕ್ಕೆ ಒಗ್ಗರಣೆ ಬೇರೆ. ಪ್ರಿಂಟಿನ ಬಣ್ಣವೂ ಅಸಲಿಯಲ್ಲ, ನಿಜ. ಆದರೆ ಕ್ಯಾನ್ವಾಸಿನ ಮೇಲೆ ಬೀಳುವ ಬೆಳಕೇ ಅದರ ಮೇಲೂ ಬೀಳುವುದರಿಂದ ಹೋಲಿಕೆ ನ್ಯಾಯವಾಗುತ್ತದೆ.

ಮೂರನೆಯದು, ಕಡಿಮೆ ಬ್ರಷ್ಷು. ಒಂದೇ ಬ್ರಷ್ಷಿನಲ್ಲಿ ನೆರಳು, ಬೆಳಕು ಎರಡನ್ನೂ ಹಚ್ಚಿದರೆ ಎಲ್ಲ ಬಣ್ಣವೂ ಒಂದರೊಳಗೊಂದು ಕಲಸಿ ರಾಡಿಯಾಗುತ್ತದೆ. ನೆರಳಿಗೊಂದು, ನಡು ಬಣ್ಣಕ್ಕೊಂದು, ಬೆಳಕಿಗೊಂದು, ಹೀಗೆ ಕನಿಷ್ಠ ಮೂರು ಕೈಯಲ್ಲಿರಲಿ.

ಹಾಗಾದರೆ ಮೈಬಣ್ಣ ಹೇಗೆ ಕಲಸಬೇಕು? ಎಂಟು ಟ್ಯೂಬು ಸಾಕು: ಟೈಟಾನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣುಹಳದಿ), ಬರ್ನ್ಟ್ ಸಿಯೆನಾ (ಕೆಂಗಂದು), ರಾ ಅಂಬರ್ (ಗಾಢ ಕಂದು), ವರ್ಮಿಲಿಯನ್ ಅಥವಾ ಕ್ಯಾಡ್ಮಿಯಂ ರೆಡ್ (ಉಜ್ವಲ ಕೆಂಪು), ಕ್ರಿಮ್ಸನ್ (ಗಾಢ ಕೆಂಪು), ಅಲ್ಟ್ರಾಮರೀನ್ (ನೀಲಿ), ವಿರಿಡಿಯನ್ (ಹಸಿರು). ಬಿಳಿ 120 ಮಿ.ಲೀ. ತೆಗೆದುಕೊಳ್ಳಿ, ಉಳಿದವು 20 ಅಥವಾ 40 ಮಿ.ಲೀ. ಇರಲಿ. ಕ್ಯಾಮೆಲ್‌ನ ಆರ್ಟಿಸ್ಟ್ ದರ್ಜೆಯ ಬಣ್ಣ ಈ ಕೆಲಸಕ್ಕೆ ಧಾರಾಳ ಸಾಕು. ಟ್ಯೂಬಿನ ಮೇಲೆ ‘ಹ್ಯೂ’ ಎಂದಿದ್ದರೆ ಅಸಲಿ ವರ್ಣದ್ರವ್ಯದ ಬದಲು ಬೇರೆಯದು ಹಾಕಿದ್ದಾರೆ ಎಂದರ್ಥ. ಅಭ್ಯಾಸಕ್ಕೆ ಅದೂ ನಡೆಯುತ್ತದೆ. ಕಪ್ಪು ಟ್ಯೂಬ್ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ.

ಮೊದಲು ನಡು ಬಣ್ಣ. ಕಡಲೆಕಾಳಿನಷ್ಟು ಬರ್ನ್ಟ್ ಸಿಯೆನಾ, ಅಷ್ಟೇ ಯೆಲ್ಲೋ ಓಕರ್, ಅದರ ಅರ್ಧದಷ್ಟು ಬಿಳಿ, ಸಾಸಿವೆಕಾಳಿನಷ್ಟು ಅಲ್ಟ್ರಾಮರೀನ್. ಇದನ್ನು ಪ್ಯಾಲೆಟ್ ಚಾಕುವಿನಿಂದ ಗೆರೆಯುಳಿಯದಂತೆ ಕಲಸಿ. ಕಿತ್ತಳೆಯಂತೆ ಕಂಡರೆ ನೀಲಿ ಸ್ವಲ್ಪ, ಸತ್ತಂತೆ ಕಂಡರೆ ವರ್ಮಿಲಿಯನ್ ಅಕ್ಕಿಕಾಳಿನಷ್ಟು. ನೆರಳಿಗೆ ಬರ್ನ್ಟ್ ಸಿಯೆನಾ ಎರಡು ಪಾಲು, ಅಲ್ಟ್ರಾಮರೀನ್ ಒಂದು ಪಾಲು, ಕ್ರಿಮ್ಸನ್ ಒಂದು ಸೋಕು. ಇದು ಗಾಢವಾಗಿದ್ದೂ ಕಪ್ಪಿಗಿಂತ ಬಿಸುಪಾಗಿರುತ್ತದೆ. ಬೆಳಕಿನ ಭಾಗಕ್ಕೆ ನಡು ಬಣ್ಣವನ್ನೇ ತೆಗೆದುಕೊಂಡು ಮೊದಲು ಓಕರ್ ಸೇರಿಸಿ, ಆಮೇಲೆ ಬಿಳಿ, ಬಿಳಿ ಹಾಕಿದ ಪ್ರತಿ ಸಲವೂ ಚೂರು ವರ್ಮಿಲಿಯನ್. ಬಿಳಿ ಕಿತ್ತುಕೊಂಡ ಬಿಸುಪನ್ನು ಕೆಂಪು ವಾಪಸು ಕೊಡುತ್ತದೆ. ಕಂದು ಚರ್ಮದ ಹಣೆ, ಕೆನ್ನೆಮೂಳೆ, ಮೂಗಿನ ದಿಂಡಿನ ಮೇಲೆ ಕಾಣುವ ಹೊಳಪು ಮಾತ್ರ ತಣ್ಣಗಿರುತ್ತದೆ, ಏಕೆಂದರೆ ಅದು ಚರ್ಮದ ಬಣ್ಣವಲ್ಲ, ಕಿಟಕಿಯಾಚೆಯ ಆಕಾಶದ ಪ್ರತಿಬಿಂಬ. ಅಲ್ಲಿ ಬಿಳಿಗೆ ವಿರಿಡಿಯನ್ನಿನ ಸೋಕು ಕೊಡಬಹುದು. ಆದರೆ ಒಂದು ಮುಖಕ್ಕೆ ಅಂಥ ಜಾಗ ಎರಡು ಮೂರಕ್ಕಿಂತ ಹೆಚ್ಚಿಲ್ಲ, ಈ ಚಿತ್ರದಲ್ಲಂತೂ ಇನ್ನೂ ಕಡಿಮೆ.

ಕಲಸಿದ ಬಣ್ಣ ಸರಿಯಿದೆಯೇ ಎಂದು ಕ್ಯಾನ್ವಾಸಿನ ಮೇಲೆ ಹಚ್ಚಿ ಪರೀಕ್ಷಿಸಬೇಡಿ. ಬಣ್ಣದ ಪ್ರಿಂಟಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಚಾಕುವಿನ ತುದಿಯಿಂದ ಬಣ್ಣವನ್ನು ಆಯಾ ಜಾಗದ ಮೇಲೇ ಒತ್ತಿ ನೋಡಿ. ಕಣ್ಣು ಕಿರಿದು ಮಾಡಿದಾಗ ಚುಕ್ಕೆ ಕರಗಿ ಕಾಣದಾದರೆ ಬಣ್ಣ ಕೂಡಿತು. ಎದ್ದು ಕಂಡರೆ ತಿಳಿಯೋ ಗಾಢವೋ ಎಂಬುದನ್ನು ಮೊದಲು ಸರಿಪಡಿಸಿ, ಕೆಂಪೋ ಹಸಿರೋ ಎಂಬುದು ಆಮೇಲಿನ ಮಾತು. ಮುಖವೊಂದಕ್ಕೆ ಇಂಥ ಐದು ಗುಡ್ಡೆ ಮೊದಲೇ ಕಲಸಿಟ್ಟುಕೊಂಡು ಬ್ರಷ್ ಹಿಡಿಯಿರಿ. ಇದಕ್ಕೆ ಮುಕ್ಕಾಲು ಗಂಟೆ ಹಿಡಿದರೆ ಅದು ದಂಡವಲ್ಲ. ಅಡುಗೆಗೆ ಮೊದಲು ಹೆಚ್ಚಿಟ್ಟುಕೊಂಡ ಹಾಗೆ.

ಇನ್ನು ಒಣಗದ ಬಣ್ಣ. ತೈಲವರ್ಣ ನೀರಿನಂತೆ ಆರುವುದಲ್ಲ. ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ, ಅದರ ಕಣಗಳು ಒಂದಕ್ಕೊಂದು ಹೆಣೆದುಕೊಂಡು ಪೊರೆಯಾಗಿ ಗಟ್ಟಿಯಾಗುತ್ತದೆ. ಅದಕ್ಕೆ ಬೆಳಕು, ಬಿಸುಪು, ಓಡಾಡುವ ಗಾಳಿ ಬೇಕು. ಜುಲೈ ತಿಂಗಳ ತೀರ್ಥಹಳ್ಳಿಯಲ್ಲಿ ಈ ಮೂರೂ ಇಲ್ಲ. ಅಷ್ಟು ಸಾಲದೆಂದು ನೀವು ಗಾಣದ ಎಣ್ಣೆ ಬೆರೆಸಿದ್ದೀರಿ. ಊಟದ ಅಗಸೆ ಎಣ್ಣೆಯಲ್ಲಿ ಬೀಜದ ಲೋಳೆ, ಗಸಿ ಉಳಿದಿರುತ್ತದೆ, ಕೆಡದಿರಲೆಂದು ಉತ್ಕರ್ಷಣ ತಡೆಯುವ ಪದಾರ್ಥವನ್ನು ಬೆರೆಸಿರುವುದೂ ಉಂಟು. ಎಣ್ಣೆ ಕೆಡದಂತೆ ತಡೆಯುವುದೇ ಬಣ್ಣ ಒಣಗದಂತೆಯೂ ತಡೆಯುತ್ತದೆ. ಬಣ್ಣದಂಗಡಿಯ ‘ರಿಫೈನ್ಡ್ ಲಿನ್ಸೀಡ್ ಆಯಿಲ್’ (ಲಿನ್ಸೀಡ್ ಎಂದರೂ ಅಗಸೆಯೇ, ಆದರೆ ಶುದ್ಧಗೊಳಿಸಿದ್ದು) ಬೇರೆ ಸರಕು. ಬಡಗಿಗಳು ಬಾಗಿಲಿಗೆ ಹಚ್ಚುವ ‘ಬಾಯ್ಲ್ಡ್’ ಎಣ್ಣೆ ಬೇಗ ಒಣಗುತ್ತದೆ, ನಿಜ. ಆದರೆ ಹಳದಿಯಾಗಿ ಕಂದುತ್ತದೆ, ಬೇಡ. ಸೂರ್ಯಕಾಂತಿ, ಶೇಂಗಾ, ಕೊಬ್ಬರಿ ಎಣ್ಣೆಗಳ ಹತ್ತಿರವೂ ಹೋಗಬೇಡಿ. ಕೊಬ್ಬರಿ ಎಣ್ಣೆ ಎಂದಿಗೂ ಒಣಗುವುದಿಲ್ಲ.

ಈಗಿರುವ ಬೋರ್ಡನ್ನು ಉಳಿಸಲು ಹೆಣಗಬೇಡಿ. ಅಂಟುವ ಪದರದ ಮೇಲೆ ಹೊಸ ಬಣ್ಣ ಹಚ್ಚಿದರೆ ಮೇಲ್ಪದರ ಮೊದಲು ಗಟ್ಟಿಯಾಗಿ, ಕೆಳಗಿನದು ಆಮೇಲೆ ಜಗ್ಗಿ, ಬಿರುಕು ಖಂಡಿತ. ಚಾಕುವಿನಿಂದ ಬಣ್ಣ ಕೆರೆದು, ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ, ಅದನ್ನು ಬಣ್ಣ ಕಲಸುವ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಬೋರ್ಡಿನ ಒಳಗಿರುವುದು ರಟ್ಟು. ಮಲೆನಾಡಿನ ತೇವಕ್ಕೆ ಅದು ಹಪ್ಪಳದ ಹಾಗೆ ಬಾಗುತ್ತದೆ, ಹಿಂಬದಿಗೆ ಬೂಷ್ಟು ಹಿಡಿಯುತ್ತದೆ.

ಹೊಸದಕ್ಕೆ ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್ ಬೇಕು. ನಿಮ್ಮ ಕಡೆ ಒಳ್ಳೆಯ ಬಡಗಿಗಳಿಗೆ ಬರವಿಲ್ಲ. ಚೆನ್ನಾಗಿ ಒಣಗಿದ ಸಾಗುವಾನಿ ರೀಪಿನಲ್ಲಿ, ಒಂದೂವರೆ ಇಂಚು ಅಗಲಕ್ಕೆ ಚೌಕಟ್ಟು ಮಾಡಿಸಿ. ಎರಡು ವಿಷಯ ಒತ್ತಿ ಹೇಳಿ: ರೀಪಿನ ಮುಂಭಾಗ ಒಳಗಡೆಗೆ ಇಳಿಜಾರಾಗಿ ಕೆತ್ತಿರಬೇಕು (ಇಲ್ಲದಿದ್ದರೆ ಮರದ ಅಂಚು ಬಟ್ಟೆಗೆ ತಾಗಿ ಚಿತ್ರದ ಮೇಲೆ ಗೆರೆ ಮೂಡುತ್ತದೆ), ಮೂಲೆಗಳನ್ನು ಅಂಟು ಹಾಕಿ ಕೂಡಿಸದೆ ಬೆಣೆ ಹೊಡೆಯಲು ಸಂದು ಬಿಟ್ಟಿರಬೇಕು. ಮಳೆಗಾಲದಲ್ಲಿ ಬಟ್ಟೆ ಸಡಿಲಾದಾಗ ಬೆಣೆಗೆ ಒಂದೊಂದು ಏಟು ಕೊಟ್ಟರೆ ಮತ್ತೆ ತಮಟೆಯಂತೆ ಬಿಗಿಯುತ್ತದೆ. ಅಳತೆಗೆ ಪಟದ ಉದ್ದ-ಅಗಲವನ್ನು ಸ್ಕೇಲಿನಲ್ಲಿ ಅಳೆದು ಅದೇ ಅನುಪಾತ ಇಟ್ಟುಕೊಳ್ಳಿ, ದೊಡ್ಡ ಬದಿ 60 ಸೆಂ.ಮೀ. ಇರಲಿ. ಅಂಗಡಿಯಲ್ಲಿ ಸಿಗುವ ಅಳತೆಗೆ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿದರೆ ಮೊದಲ ದಿನವೇ ಮುಖ ಕೆಟ್ಟಿತು. ಸಿದ್ಧ ಕ್ಯಾನ್ವಾಸಿನ ಬಳಿತ ತೆಳುವಾಗಿರುತ್ತದೆ, ಮೇಲೆ ಇನ್ನೆರಡು ಸಲ ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಪದರ) ಹಚ್ಚಿ. ಮೊದಲನೆಯದು ಅಡ್ಡಕ್ಕೆ, ಅದು ಆರಿದ ಮೇಲೆ ಎರಡನೆಯದು ಉದ್ದಕ್ಕೆ. ಆಮೇಲೆ ಕಂದು ಅಕ್ರಿಲಿಕ್ ಬಣ್ಣವನ್ನು ನೀರಾಗಿ ಕಲಸಿ ಇಡೀ ಬಟ್ಟೆಗೆ ಒಂದು ತೆಳು ಕೈ ಆಡಿಸಿ. ಬಿಳಿ ಬಟ್ಟೆಯ ಮೇಲೆ ಎಲ್ಲ ಬಣ್ಣವೂ ಗಾಢವಾಗಿ ಕಂಡು ಮೋಸ ಮಾಡುತ್ತದೆ, ಕಂದಿನ ಮೇಲೆ ಹಾಗಾಗುವುದಿಲ್ಲ. ಅಕ್ರಿಲಿಕ್ ಮೇಲೆ ತೈಲ ಬರಬಹುದು, ತೈಲದ ಮೇಲೆ ಅಕ್ರಿಲಿಕ್ ಬರಬಾರದು.

ಮುಖ ಬೇರೆಯವರದ್ದಾಗುವ ತಾಪತ್ರಯಕ್ಕೆ ಬರೋಣ. ಚೌಕುಳಿ ಹಾಕಿ ಬರೆದಿದ್ದೀರಿ ಎಂದುಕೊಳ್ಳುತ್ತೇನೆ. ಚೌಕುಳಿ ಕಣ್ಣು ಎಲ್ಲಿದೆ ಎಂದು ಹೇಳುತ್ತದೆ, ತಲೆ ಎತ್ತ ವಾಲಿದೆ ಎಂದು ಹೇಳುವುದಿಲ್ಲ. ಈ ಚಿತ್ರದ ಭಾವವೆಲ್ಲ ಇರುವುದು ವಾಲಿದ ತಲೆ, ಇಳಿದ ಭುಜ, ತಗ್ಗಿದ ರೆಪ್ಪೆಗಳಲ್ಲಿ. ಆದ್ದರಿಂದ ಉದ್ದಕ್ಕೆ ಆರು, ಅಗಲಕ್ಕೆ ಅದಕ್ಕೆ ತಕ್ಕಷ್ಟು ದೊಡ್ಡ ಚೌಕ ಮಾತ್ರ ಹಾಕಿ. ಪುಟ್ಟ ಪುಟ್ಟ ಚೌಕ ಹಾಕಿದಷ್ಟೂ ಕಣ್ಣು ಚೂರುಗಳಲ್ಲಿ ಸಿಕ್ಕಿಬೀಳುತ್ತದೆ. ಇದ್ದಿಲಿನಿಂದ ಮೂವರನ್ನೂ ಸೇರಿಸಿ ಒಂದೇ ಹೊರಗೆರೆ ಎಳೆಯಿರಿ, ಮೂರು ಜನ ಅನ್ನುವುದನ್ನೇ ಮರೆತು, ಆಗುಂಬೆಯ ಗುಡ್ಡದ ಅಂಚು ಬರೆಯುವ ಹಾಗೆ. ಆ ಗೆರೆಯ ಹೊರಗೆ ಉಳಿದ ಖಾಲಿ ಜಾಗದ ಆಕಾರ ಪಟದಲ್ಲಿರುವಂತೆಯೇ ಇದೆಯೇ ನೋಡಿ. ಅದು ತಪ್ಪಿದ್ದರೆ ಒಳಗಿನದೆಲ್ಲ ತಪ್ಪಿದೆ ಎಂದೇ ಲೆಕ್ಕ. ಆಮೇಲೆ ಗಾರೆಯವರ ತೂಗುಗುಂಡನ್ನು ಪಟದ ಮುಂದೆ ಇಳಿಬಿಟ್ಟು, ಒಬ್ಬಳ ಗದ್ದದ ನೇರಕ್ಕೆ ಕೆಳಗೆ ಏನು ಬರುತ್ತದೆ, ಇನ್ನೊಬ್ಬಳ ಭುಜದ ತುದಿ ಯಾವ ಎತ್ತರಕ್ಕೆ ಬರುತ್ತದೆ ಎಂದು ಗುರುತು ಹಾಕಿ. ಪ್ರತಿ ಮುಖಕ್ಕೂ ಹುಬ್ಬಿನಿಂದ ಹುಬ್ಬಿಗೆ ಒಂದು, ಬಾಯಿಯ ತುದಿಯಿಂದ ತುದಿಗೆ ಒಂದು ಗೆರೆ ಎಳೆಯಿರಿ. ಆ ಎರಡೂ ಗೆರೆ ಒಂದೇ ಕಡೆಗೆ ವಾಲಿರಬೇಕು. ಬಹುತೇಕ ಹೊಸಬರು ತಲೆಯನ್ನು ಓರೆಯಾಗಿ ಬರೆದು ಕಣ್ಣನ್ನು ಮಾತ್ರ ನೆಲಕ್ಕೆ ಸಮನಾಗಿ ಇಡುತ್ತಾರೆ. ‘ಬೇರೆ ಯಾರೋ’ ಆಗುವುದು ಅಲ್ಲೇ.

ಪರೀಕ್ಷೆಗೆ ಕನ್ನಡಿ ಸಾಕು. ಪಟಕ್ಕೂ ಕ್ಯಾನ್ವಾಸಿಗೂ ಬೆನ್ನು ಮಾಡಿ ನಿಂತು ಎರಡನ್ನೂ ಕೈಗನ್ನಡಿಯಲ್ಲಿ ನೋಡಿ, ಅಥವಾ ಎರಡನ್ನೂ ತಲೆಕೆಳಗು ಮಾಡಿ. ಅಭ್ಯಾಸದಿಂದ ಜಡವಾದ ಕಣ್ಣಿಗೆ ತಪ್ಪು ಆಗ ಮುಳ್ಳಿನ ಹಾಗೆ ಕಾಣುತ್ತದೆ. ಸರಿಯಾದ ಮೇಲೆ ಇದ್ದಿಲ ಪುಡಿಯನ್ನು ಬಟ್ಟೆಯಿಂದ ಕೊಡವಿ, ಉಳಿದ ಮಸುಕು ಗೆರೆಯ ಮೇಲೆ 2ನೇ ನಂಬರಿನ ಬ್ರಷ್ಷಿನಿಂದ ರಾ ಅಂಬರ್ ಗೆರೆ ತಿದ್ದಿ. ಪೆನ್ಸಿಲ್ ಬೇಡ, ತಿಳಿ ಬಣ್ಣದ ಅಡಿಯಿಂದ ವರ್ಷಗಳ ಮೇಲೆ ಇಣುಕುತ್ತದೆ.

ಮುಂದಿನದು ಅಂಬರ್ ಪದರ. ಈ ಹಂತವನ್ನು ಯಾರೂ ಇಷ್ಟಪಡುವುದಿಲ್ಲ, ಬಿಟ್ಟವರು ಕಡೆಯಲ್ಲಿ ಪರದಾಡುತ್ತಾರೆ. ರಾ ಅಂಬರ್ ಒಂದನ್ನೇ ಟರ್ಪೆಂಟೈನಿನಲ್ಲಿ ತೆಳು ಮಾಡಿ, ಕಪ್ಪು-ಬಿಳುಪು ಪ್ರತಿಯನ್ನು ನೋಡುತ್ತ ಇಡೀ ಚಿತ್ರವನ್ನು ನಾಲ್ಕೇ ಮಟ್ಟದಲ್ಲಿ ಹಚ್ಚಿ: ತುಂಬ ಗಾಢ, ಗಾಢ, ನಡು, ತಿಳಿ. ತಿಳಿ ಜಾಗವನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಕೂದಲು, ನೆರಳಿನ ಕೆನ್ನೆ, ಕತ್ತಿನ ಕತ್ತಲೆ ಒಂದೇ ಮಟ್ಟದ್ದಾಗಿದ್ದರೆ ನಡುವೆ ಗೆರೆಯಿಲ್ಲದೆ ಒಂದೇ ತುಂಡಾಗಿ ಕೂಡಿಸಿಬಿಡಿ. ಎರಡು ಗಂಟೆಯಲ್ಲಿ ಮುಗಿಯಬೇಕು. ಅಂಬರಿನಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ ಒಣಗಿಸುತ್ತದೆ. ಬಯಲುಸೀಮೆಯಲ್ಲಿ ಎರಡು ದಿನ, ನಿಮ್ಮಲ್ಲಿ ಮಳೆಯಿದ್ದರೆ ನಾಲ್ಕೈದು ದಿನ. ಹತ್ತು ಹೆಜ್ಜೆ ದೂರದಿಂದ ನೋಡಿದಾಗ ಈ ಕಂದು ಚಿತ್ರವೇ ಶೇರ್‌ಗಿಲ್ ಎನ್ನಿಸಬೇಕು. ಅನ್ನಿಸದಿದ್ದರೆ ಬಣ್ಣ ಮುಟ್ಟಬೇಡಿ.

ಬಣ್ಣದ ಪದರಕ್ಕೆ ಮಾಧ್ಯಮ, ಅಂದರೆ ಬಣ್ಣಕ್ಕೆ ಬೆರೆಸುವ ದ್ರವ: ಲಿನ್ಸೀಡ್ ಒಂದು ಪಾಲು, ಟರ್ಪೆಂಟೈನ್ ಮೂರು ಪಾಲು. ಅದರ ಮೇಲಿನ ಕಡೆಯ ಪದರಕ್ಕೆ ಸಮಪಾಲು. ಒಳಗೆ ಜಿಡ್ಡು ಕಡಿಮೆ, ಹೊರಗೆ ಹೆಚ್ಚು, ಈ ಕ್ರಮ ತಿರುಗುಮುರುಗಾಗಬಾರದು. ಬ್ರಷ್ಷಿನ ತುದಿ ಅದ್ದಿದರೆ ಸಾಕು, ಬಣ್ಣ ಬೆಣ್ಣೆಯಂತಿರಲಿ, ಗಂಜಿಯಂತಲ್ಲ. ಮೊದಲು ಹಿನ್ನೆಲೆ ಮತ್ತು ಬಟ್ಟೆಗಳನ್ನು ಒಟ್ಟಿಗೇ ಹಚ್ಚಿ, 10 ಅಥವಾ 12ನೇ ನಂಬರಿನ ಚಪ್ಪಟೆ ಹಂದಿಗೂದಲ ಬ್ರಷ್ಷಿನಲ್ಲಿ. ಹಿನ್ನೆಲೆಯನ್ನು ಕೊನೆಗೆ ತುಂಬಿದರೆ ಮೂವರೂ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಾರೆ. ಕೆಂಪು ಬಟ್ಟೆಯ ನೆರಳಿಗೆ ಕಪ್ಪಲ್ಲ, ಕ್ರಿಮ್ಸನ್ ಮತ್ತು ಬರ್ನ್ಟ್ ಸಿಯೆನಾ. ಹಸಿರಿನ ನೆರಳಿಗೆ ವಿರಿಡಿಯನ್ ಜೊತೆ ಕ್ರಿಮ್ಸನ್ನಿನ ಸೋಕು. ಟ್ಯೂಬಿನ ವಿರಿಡಿಯನ್ ಹಾಗೇ ಹಚ್ಚಿದರೆ ಪ್ಲಾಸ್ಟಿಕ್ ಬಕೆಟ್ಟಿನ ಬಣ್ಣ ಬರುತ್ತದೆ, ಓಕರ್ ಬೆರೆಸಿ ಮಣ್ಣಿಗಿಳಿಸಿ. ಒಂದೊಂದು ಬಟ್ಟೆಗೂ ಮೂರೇ ಛಾಯೆ. ನಿರಿಗೆಗಳನ್ನು ಎಣಿಸಿ ಬರೆಯುವ ಆಸೆ ಬಂದಾಗ ಪಟವನ್ನು ದೂರವಿಟ್ಟು ನೋಡಿ: ಆಕೆ ಎಷ್ಟು ನಿರಿಗೆ ಉಳಿಸಿದ್ದಾರೆಂದು ಕಾಣುತ್ತದೆ.

ಅಂಚುಗಳನ್ನು ಗಮನಿಸಿ. ಎಲ್ಲ ಅಂಚೂ ಚೂಪಾಗಿದ್ದರೆ ಕ್ಯಾಲೆಂಡರ್ ಚಿತ್ರ, ಎಲ್ಲವೂ ಮಸುಕಾದರೆ ಮಂಜು. ತಿಳಿ ಬಟ್ಟೆ ಗಾಢ ಹಿನ್ನೆಲೆಗೆ ತಾಗುವಲ್ಲಿ ಗಟ್ಟಿ ಅಂಚು, ಕೂದಲು ನೆರಳಿಗೆ ಸೇರುವಲ್ಲಿ ಒಣ ಬ್ರಷ್ಷಿನಿಂದ ಒಂದೇ ಸಲ ಎಳೆದು ಮೃದು ಮಾಡಿ. ಒಂದೇ ಸಲ. ತೀಡುತ್ತಲೇ ಇದ್ದರೆ ಮೇಣದ ಗೊಂಬೆ.

ಮುಖಗಳಿಗೆ ಈಗ ಬನ್ನಿ. 6ನೇ ನಂಬರಿನ ಫಿಲ್ಬರ್ಟ್ (ತುದಿ ದುಂಡಾದ ಚಪ್ಪಟೆ) ಬ್ರಷ್, ಕಡೆಗೆ 4. ಮೊದಲು ನೆರಳು ಇಡಿಯಾಗಿ, ಆಮೇಲೆ ಬೆಳಕು ಇಡಿಯಾಗಿ, ನಡುವೆ ನಡು ಬಣ್ಣದ ಸೇತುವೆ. ತಗ್ಗಿದ ಕಣ್ಣು ಎಂದರೆ ಕಣ್ಣಲ್ಲ, ಮೇಲಿನ ರೆಪ್ಪೆಯ ಉಬ್ಬು ಮತ್ತು ಅದರ ಕೆಳಗೊಂದು ಗಾಢ ಕಮಾನು. ಅಷ್ಟೇ ಬರೆಯಿರಿ. ಬಿಳಿಗುಡ್ಡೆಗೆ ಬಿಳಿ ಹಾಕಿದರೆ ಕಣ್ಣು ಹೊರಗೆ ಬೀಳುತ್ತದೆ, ಮೈಬಣ್ಣಕ್ಕಿಂತ ಚೂರು ತಣ್ಣಗಿನ ಬೂದು ಸಾಕು. ತುಟಿಗಳ ನಡುವಿನ ಗೆರೆ ಎರಡು ತುದಿಯಲ್ಲಿ ಗಾಢ, ನಡುವೆ ಮಾಯ. ದಿನಕ್ಕೊಂದೇ ಮುಖ. ಸರಿಬರದಿದ್ದರೆ ಸಂಜೆ ಕೆರೆದುಬಿಡಿ, ಕೆಳಗೆ ಒಣಗಿದ ಅಂಬರ್ ಚಿತ್ರ ಹಾಗೇ ಇರುತ್ತದೆ. ತೈಲದ ದೊಡ್ಡ ಉಪಕಾರ ಇದು, ಜಲವರ್ಣದವರಿಗೆ ನಂಬಲು ಸ್ವಲ್ಪ ದಿನ ಬೇಕಾಗುತ್ತದೆ. ಮೂರನ್ನೂ ಒಟ್ಟಿಗೆ ನಿಭಾಯಿಸುವ ಧೈರ್ಯವಿಲ್ಲದಿದ್ದರೆ ಒಂದು ತಲೆ ಮತ್ತು ಭುಜವನ್ನಷ್ಟೇ 30 ಸೆಂ.ಮೀ. ತುಂಡಿನ ಮೇಲೆ ಮೊದಲು ಬರೆದು ನೋಡಿ.

ಒಣಗಿದಾಗ ಗಾಢ ಜಾಗಗಳು ಕೆಲವೆಡೆ ಪೇಲವವಾಗಿ, ಬಣ್ಣವೇ ಬದಲಾದಂತೆ ಕಾಣಬಹುದು. ಬಣ್ಣ ಬದಲಾಗಿಲ್ಲ, ಎಣ್ಣೆ ಒಳಗಿಳಿದಿದೆ. ಲಿನ್ಸೀಡ್ ಮತ್ತು ಟರ್ಪೆಂಟೈನ್ ಸಮಪಾಲು ಬೆರೆಸಿ ಒಣಗಿದ ಮೇಲ್ಮೈಗೆ ಬಟ್ಟೆಯಿಂದ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು ಹೆಚ್ಚಿನದನ್ನು ಒರೆಸಿ. ಹಳೆಯ ಬಣ್ಣ ಮರಳುತ್ತದೆ. ಇದನ್ನು ಅರಿಯದೆ ಪೇಲವ ಬಣ್ಣಕ್ಕೆ ಸರಿಹೊಂದಿಸಿ ಹೊಸ ಬಣ್ಣ ಕಲಸಿದರೆ ಚಿತ್ರ ತೇಪೆ ತೇಪೆಯಾಗುತ್ತದೆ.

ಮಲೆನಾಡಿನ ಕೆಲವು ಮಾತು. ಒಣಗಲೆಂದು ಅಡಿಕೆಯ ಜೊತೆ ಅಂಗಳದ ಬಿಸಿಲಿಗೆ ಇಡಬೇಡಿ, ಮೇಲ್ಪೊರೆ ಸುಕ್ಕುಗಟ್ಟುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಹೊಗೆಯ ಜಿಡ್ಡು ಹಸಿ ಬಣ್ಣಕ್ಕೆ ಕೂತರೆ ಹೋಗುವುದಿಲ್ಲ. ಮುಚ್ಚಿ ಕತ್ತಲಲ್ಲಿಟ್ಟರೆ ಎಣ್ಣೆ ಹಳದಿಗೆ ತಿರುಗುತ್ತದೆ. ಬೆಳಕಿರುವ ಕೋಣೆಯಲ್ಲಿ, ಮಣ್ಣುಗೋಡೆಗೆ ತಾಗದಂತೆ ಹಿಂದೆ ಒಂದಿಂಚು ಸಂದು ಬಿಟ್ಟು, ಫ್ಯಾನನ್ನು ಕಡಿಮೆ ವೇಗದಲ್ಲಿ ಹಾಕಿ. ಮಳೆಗಾಲದಲ್ಲೇ ಮುಂದುವರಿಯಬೇಕೆಂದಿದ್ದರೆ ಎಣ್ಣೆಯ ಬದಲು ಲಿಕ್ವಿನ್‌ನಂಥ ಆಲ್ಕಿಡ್ ಮಾಧ್ಯಮ (ಬೇಗ ಒಣಗುವ ರಾಳದ ದ್ರವ) ಬಳಸಿ, ತೆಳು ಪದರ ಕೆಲವೇ ದಿನದಲ್ಲಿ ಮುಟ್ಟಲು ಬರುತ್ತದೆ. ಆದರೆ ಒಂದು ಚಿತ್ರಕ್ಕೆ ಮೊದಲಿನಿಂದ ಕೊನೆಯವರೆಗೆ ಅದನ್ನೇ ಬಳಸಿ. ಗಾಜಿನ ಹೆಂಚಿನಿಂದ ಬೀಳುವ ಬಿಸಿಲುಕೋಲು ಗಂಟೆಗೊಂದು ಜಾಗಕ್ಕೆ ಸರಿಯುತ್ತದೆ, ಅದರ ಕೆಳಗೆ ಕೂರಬೇಡಿ. ಉತ್ತರದ ಕಿಟಕಿ ಉತ್ತಮ. ಅದಿಲ್ಲದಿದ್ದರೆ 6500 ಕೆಲ್ವಿನ್ ಎಂದು ಬರೆದ ಬಿಳಿ ಎಲ್‌ಇಡಿ ಬಲ್ಬು, ಕ್ಯಾನ್ವಾಸಿಗೂ ಪಟಕ್ಕೂ ಸಮನಾಗಿ ಬೀಳುವಂತೆ. ಹಳದಿ ಬಲ್ಬಿನಲ್ಲಿ ಕಲಸಿದ ಮೈಬಣ್ಣ ಬೆಳಿಗ್ಗೆ ನೀಲಿಗಟ್ಟಿ ಕಾಣುತ್ತದೆ. ಮೊದಲ ಮಳೆಯ ಸಂಜೆಗಳಲ್ಲಿ ದೀಪಕ್ಕೆ ಮುತ್ತುವ ರೆಕ್ಕೆಹುಳ ಹಸಿ ಬಣ್ಣವನ್ನು ಬಿಡುವುದಿಲ್ಲ. ಅಂಟಿದರೆ ಕೀಳಬೇಡಿ, ಒಣಗಿದ ಮೇಲೆ ಬ್ರಷ್ಷಿನಿಂದ ತಟ್ಟಿದರೆ ಉದುರುತ್ತದೆ.

ಇದನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ: ಲಿನ್ಸೀಡ್ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಎಣ್ಣೆ ಗಾಳಿ ಹೀರಿ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೊರಹೋಗದೆ ಸೇರಿಕೊಳ್ಳುತ್ತದೆ. ಕಟ್ಟಿಗೆ, ಸೋಗೆ, ಅಡಿಕೆಸಿಪ್ಪೆ ತುಂಬಿದ ಬಚ್ಚಲಮನೆಯ ಹತ್ತಿರವಂತೂ ಇಡಲೇಬಾರದು. ಅಂದಂದೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ, ಇಲ್ಲವೇ ಹೊರಗೆ ಒಂದೊಂದಾಗಿ ಬಿಡಿಸಿ ಹರವಿ. ಟರ್ಪೆಂಟೈನ್ ಬಾಟಲಿ ಮುಚ್ಚಿರಲಿ, ಕಿಟಕಿ ತೆರೆದಿರಲಿ. ಹಾರ್ಡ್‌ವೇರ್ ಅಂಗಡಿಯ ಅಗ್ಗದ ಟರ್ಪೆಂಟೈನ್ ಹೆಚ್ಚಾಗಿ ಪೆಟ್ರೋಲಿಯಂ ಮೂಲದ್ದು, ಅದು ಬ್ರಷ್ ತೊಳೆಯಲು ಮಾತ್ರ. ಕೊಳೆಯಾದದ್ದನ್ನು ಬಾಟಲಿಯಲ್ಲಿ ಎರಡು ದಿನ ನಿಲ್ಲಿಸಿದರೆ ಗಷ್ಟು ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಬಸಿದು ಮತ್ತೆ ಬಳಸಿ. ಬಾವಿಯ ಹತ್ತಿರ, ತೋಟದ ಕಪ್ಪಿನಲ್ಲಿ (ಬಸಿಗಾಲುವೆಯಲ್ಲಿ) ಚೆಲ್ಲಬೇಡಿ.

ಬೆಂಗಳೂರಿಗೆ ಹೋದಾಗ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಅಲ್ಲಿ ಯಾವ ತೈಲಚಿತ್ರ ಕಂಡರೂ ಓರೆಯಾಗಿ ನಿಂತು, ಬಣ್ಣ ಎಲ್ಲಿ ದಪ್ಪ, ಎಲ್ಲಿ ಬಟ್ಟೆಯ ನೇಯ್ಗೆ ಕಾಣುವಷ್ಟು ತೆಳು ಎಂದು ನೋಡಿ. ಪಟದಲ್ಲಿ ಎಂದೂ ಕಾಣದ ವಿಷಯ ಇದೊಂದೇ.

ಕಾಲದ ಲೆಕ್ಕ ಹೀಗಿರಲಿ. ಮಳೆ ಇರುವಾಗ ಚೌಕಟ್ಟು, ರೇಖೆ, ಅಂಬರ್ ಪದರ. ದೀಪಾವಳಿಯ ನಂತರದ ಒಣಹವೆಯಲ್ಲಿ ಬಣ್ಣ, ಡಿಸೆಂಬರಿಗೆ ಮುಖಗಳು. ವಾರ್ನಿಶ್ ಹಚ್ಚಲು ಕಡಿಮೆಯೆಂದರೂ ಆರು ತಿಂಗಳು ಕಾಯಬೇಕು, ಆಗ ಸರಿಯಾಗಿ ಜೂನ್ ಬರುತ್ತದೆ. ತೇವದ ದಿನ ವಾರ್ನಿಶ್ ಹಚ್ಚಿದರೆ ಹಾಲಿನ ಪೊರೆಯಂತೆ ಬಿಳುಚುತ್ತದೆ. ಆದ್ದರಿಂದ ಮುಂದಿನ ಮಳೆಗಾಲ ಕಳೆಯಲಿ, ಜನವರಿ-ಫೆಬ್ರುವರಿಯ ಒಂದು ಒಣ ದಿನ, ಬೆಳಗಿನ ಇಬ್ಬನಿ ಆರಿದ ಮೇಲೆ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹಚ್ಚಿ.